ಮಂಕಿ ಕ್ಯಾಪಿನೊಳಗಿನ ಮಾವ

"ಇದು ಆಗುವ ಹೋಗುವ ಮಾತಲ್ಲ" ಎಂದವರು ನನ್ನ ಸೋದರಮಾವ. ಬೇರೆ ಯಾರಾದರೂ ಹೇಳಿದ್ದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಅಮ್ಮನ ಅಣ್ಣನ ಮಾತು ಅಪ್ಪನ ಮಾತಿಗಿಂತ ಒಂದು ಹಿಡಿ ಹೆಚ್ಚು ತೂಗುತ್ತದೆ. ಮದುವೆ ಇರಲಿ, ಮನೆ ಕಟ್ಟುವುದಿರಲಿ, ದೋಣಿ ಮಾರುವುದಿರಲಿ, ಮೊದಲು ಮಾವನನ್ನು ಕೇಳಬೇಕು. ಪಿಯುಸಿ ಮುಗಿಸಿ ಕಾಪುವಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ನಿಂತಿದ್ದ ನಾನು, ಕೆಲವು ವರ್ಷ ಕಳೆದ ಮೇಲೆ, ಮಣಿಪಾಲದ ಕಾಲೇಜಿಗೆ ಸೇರಿ ಪತ್ರಿಕೋದ್ಯಮದ ಡಿಗ್ರಿ ಮಾಡುತ್ತೇನೆ ಎಂದಾಗಲೂ ಅಮ್ಮ ಕೇಳಿದ್ದು ಅವರನ್ನೇ.

ಮಾವ ಐಸ್ ಪ್ಲಾಂಟಿನ ಕೆಲಸ ಮುಗಿಸಿ ಆಗತಾನೇ ಬಂದು ಜಗಲಿಯಲ್ಲಿ ಕೂತಿದ್ದರು. ಮಂಜುಗಡ್ಡೆ ಎತ್ತಿ ಎತ್ತಿ ಮರಗಟ್ಟಿದ ಅಂಗೈಗಳನ್ನು ಒಂದಕ್ಕೊಂದು ಉಜ್ಜುವುದು ಅವರ ಅಭ್ಯಾಸ. ಉಜ್ಜುತ್ತಲೇ ಅಮ್ಮನಿಗೆ ಹೇಳಿದರು. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಮ್ಮ ಮನೆಯಲ್ಲಿ ಕೊನೆ ತನಕ ಓದಿದವರು ಯಾರಾದ್ರೂ ಉಂಟಾ? ನಾನು ಪಿಯುಸಿ ಅರ್ಧಕ್ಕೆ ಬಿಟ್ಟೆ. ನೀನು ಏಳಕ್ಕೇ ಬಿಟ್ಟೆ. ಇವಳೊಬ್ಬಳು ಎಂತ ಆಕಾಶದಿಂದ ಬಿದ್ದದ್ದಾ? ಸ್ಟುಡಿಯೋದಲ್ಲಿ ಕೆಲಸ ಉಂಟು, ನೆಟ್ಟಗೆ ಮಾಡ್ಲಿ."

"ಸಿನಿಮಾ ಆಕ್ಟರ್ ಆಗುದು ಮಾತ್ರ ಆಗುವ ಹೋಗುವ ಮಾತಾ ಹಾಗಾದ್ರೆ?" ಎಂದೆ.

ಅಮ್ಮ ನನ್ನ ಕಾಲು ತುಳಿದಳು. ಮಾವ ನಕ್ಕರು. "ಅದು ಆಗಿಯೇ ಹೋಗಿದೆ ಮಾರಾಯ್ತಿ. ನಿನಗೆ ಕಾಣುದಿಲ್ಲ, ಅಷ್ಟೇ."

ಅದು ಸುಳ್ಳಲ್ಲ. ಮಾವ ತುಳು ಸಿನಿಮಾಗಳಲ್ಲಿ ಪಾತ್ರ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಯಾರಾದರೂ ಕರೆದರೆ ಪ್ಲಾಂಟಿಗೆ ರಜೆ ಹಾಕಿ ಹೋಗುತ್ತಾರೆ. ಒಂದರಲ್ಲಿ ಸಿಡುಕ ಬ್ಯಾಂಕ್ ಮ್ಯಾನೇಜರ್, ಒಂದರಲ್ಲಿ ದುಬೈಯಿಂದ ಬಂದ ಬಡಾಯಿಗಾರ, ಇನ್ನೊಂದರಲ್ಲಿ ಮಗಳ ಮದುವೆ ಮುರಿದುಬಿದ್ದ ಅಪ್ಪ. ಪಾತ್ರ ಸಿಕ್ಕಿದ ಕೂಡಲೇ ಅವರು ಕಾಪುವಿನ ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ಕೂರುವರು. ಅಂಥದ್ದೇ ಮನುಷ್ಯನೊಬ್ಬ ಕಣ್ಣಿಗೆ ಬೀಳುವ ತನಕ ಎಷ್ಟು ಬಸ್ಸು ಬಂದು ಹೋದರೂ ಏಳುವವರಲ್ಲ. ಆಮೇಲೆ ಮನೆಯಲ್ಲಿ ಆ ಮನುಷ್ಯನ ಹಾಗೆಯೇ ಚಾ ಕುಡಿಯುವರು, ಆ ಮನುಷ್ಯನ ಹಾಗೆಯೇ ಕೆಮ್ಮುವರು. ಅತ್ತೆ ಬೈಯುತ್ತಿದ್ದರು: "ಯಾರ ಜೊತೆ ಸಂಸಾರ ಮಾಡುದು ನಾನು? ವಾರಕ್ಕೊಬ್ಬ ಗಂಡ."

ಮಾವ ಬೇಡವೆಂದರೂ ನಾನು ಕಾಲೇಜಿಗೆ ಸೇರಿದೆ. ಬೆಳಗ್ಗೆ ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಸಂಜೆ ಬಂದು ಸ್ಟುಡಿಯೋದಲ್ಲಿ ಗಲ್ಫಿಗೆ ಹೊರಟವರ ಪಾಸ್‌ಪೋರ್ಟ್ ಫೋಟೋ ತೆಗೆಯುವುದು. ತರಗತಿಯಲ್ಲಿ ಎಲ್ಲರೂ ನನಗಿಂತ ಚಿಕ್ಕವರು, ನನ್ನನ್ನು "ಅಕ್ಕ" ಎನ್ನುವರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ವರ್ಷ ನನಗೆ ಅರ್ಥವಾದದ್ದು ಹಾಜರಿ ಕರೆಯುವುದು ಮಾತ್ರ ಎಂದರೆ ಸ್ವಲ್ಪವೇ ಹೆಚ್ಚು ಮಾಡಿ ಹೇಳಿದ ಹಾಗೆ. ಆದರೂ ಬಿಡಲಿಲ್ಲ. ಬಿಟ್ಟರೆ ಮಾವ ಏನೂ ಹೇಳುವುದಿಲ್ಲ, ಸುಮ್ಮನೆ ಅಂಗೈ ಉಜ್ಜಿಕೊಳ್ಳುತ್ತಾರೆ ಎಂದು ಗೊತ್ತಿತ್ತು. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಎರಡನೆಯ ವರ್ಷ ಅವರ ಹೊಸ ಸಿನಿಮಾ ಬಂತು. ಚಿತ್ರತಂಡ ಮೊದಲ ಆಟಕ್ಕೆ ಕಾರ್ಕಳದ ಟಾಕೀಸಿಗೆ ಬರುತ್ತದೆಂದು ತಿಳಿದು, ನಾವು ಐಸ್ ಪ್ಲಾಂಟಿನ ಟೆಂಪೋದಲ್ಲಿ ಚಾಪೆ ಹಾಸಿ ಕೂತು ಹೋದೆವು. ಅಮ್ಮ ಮೀನು ಮಾರ್ಕೆಟಿನ ತನ್ನ ಜೊತೆಯವರನ್ನೂ ಎಬ್ಬಿಸಿಕೊಂಡು ಬಂದಿದ್ದಳು. ಎಲ್ಲರ ತಲೆಯಲ್ಲೂ ಮಲ್ಲಿಗೆ. ಟೆಂಪೋದಲ್ಲಿ ಮಾತ್ರ ಬಂಗುಡೆಯ ವಾಸನೆ. ಯಾವ ಪಾತ್ರವೆಂದು ಮಾವ ಹೇಳಿರಲಿಲ್ಲ. "ಇಂಟರ್‌ವಲ್ ಆದ ಮೇಲೆ, ದೊಡ್ಡ ಮನೆಯ ಗೇಟಿನ ಹತ್ತಿರ ಬರ್ತೇನೆ" ಎಂದಷ್ಟೇ ಹೇಳಿ ನಮ್ಮ ಹಿಂದಿನ ಸಾಲಿನಲ್ಲಿ ಕೂತರು.

ಗೇಟು ಬಂತು. ಕಾರು ಬಂದು ನಿಂತಿತು. ಕಾರಿನಿಂದ ಡ್ರೈವರ್ ಇಳಿದ. ಎತ್ತರ ಮಾವನದ್ದೇ, ಬೆನ್ನು ಮಾವನದ್ದೇ. ಅಮ್ಮ ಎದ್ದು ನಿಂತು ಚಪ್ಪಾಳೆ ಹೊಡೆದಳು. ಚಿಕ್ಕಮ್ಮ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದಳು. ಕಡಲ ಬದಿಯಲ್ಲಿ ದೋಣಿಯವರನ್ನು ಕರೆದು ಅವಳಿಗೆ ಅದು ಅಭ್ಯಾಸ. ಮಾರ್ಕೆಟಿನವರೆಲ್ಲ ಸೇರಿಕೊಂಡರು. ನಾನೂ ಚಪ್ಪಾಳೆ ಹೊಡೆದೆ. ಡ್ರೈವರ್ ತಿರುಗಿದ. ಬೇರೆ ಯಾರೋ.

ಹಿಂದಿನಿಂದ ಮಾವ ಬಾಗಿ ಅಮ್ಮನ ಕಿವಿಯಲ್ಲಿ ಹೇಳಿದರು: "ಗೇಟು ತೆರೆದದ್ದು ಯಾರು ಅಂತ ನೋಡು."

ಮಂಕಿ ಕ್ಯಾಪ್ ಹಾಕಿಕೊಂಡ ಮುದುಕ ವಾಚ್‌ಮನ್ ಒಬ್ಬ, ಡ್ರೈವರ್ ಮತ್ತೆ ಕಾರು ಹತ್ತುವ ತನಕ ಗೇಟು ಹಿಡಿದು ನಿಂತಿದ್ದ. ಕಾರಿನೊಳಗಿನವರು ತನ್ನನ್ನು ನೋಡಲಿಲ್ಲವೆಂದು ಗೊತ್ತಿದ್ದೂ ಸಲಾಮಿಗೆ ಎತ್ತಿದ ಕೈಯನ್ನು, ಕಾರು ಒಳಗೆ ಹೋದ ಮೇಲೆ ಮೆಲ್ಲಗೆ ಇಳಿಸಿದ. ಅಷ್ಟೇ. ಅಷ್ಟರಲ್ಲೇ ಆ ಮನುಷ್ಯನ ಜನ್ಮವೆಲ್ಲ ಕಂಡಿತು. ಆದರೆ ಅದನ್ನು ನೋಡಲು ಟಾಕೀಸಿನವರಿಗೆ ಪುರುಸೊತ್ತಿರಲಿಲ್ಲ. ಯಾಕೆಂದರೆ ಮುಂದಿನ ದೃಶ್ಯದಲ್ಲಿ, ಬಾಗಿಲ ಮರೆಯಿಂದ ಒಂದು ಕೆಂಪು ಬೈರಾಸು, ಎಂದರೆ ಟವೆಲು, ಗಾಳಿಯಲ್ಲಿ ಹಾರಿ ಒಂದು ಹೆಗಲ ಮೇಲೆ ಬಿತ್ತು. ಮುಖ ಇನ್ನೂ ಕಂಡಿಲ್ಲ, ಮಾತು ಇನ್ನೂ ಬಂದಿಲ್ಲ; ಟಾಕೀಸಿಗೆ ಟಾಕೀಸೇ ಎದ್ದು ಕುಣಿಯಿತು. ನಮ್ಮೂರಿನ ಸಿನಿಮಾ ನೋಡುವವರಿಗೆಲ್ಲ ಗೊತ್ತಿರುವ ನಗೆನಟ ಅವರು. ಪ್ರತಿ ಸಿನಿಮಾದಲ್ಲೂ ಅದೇ ಬೈರಾಸು, ಅದೇ ಮೂಗಿನ ದನಿ, ಅದೇ ಪುಕ್ಕಲು ಮನುಷ್ಯ.

ಆಟ ಮುಗಿದ ಮೇಲೆ ಹೊರಗೆ ಆ ನಗೆನಟರ ಸುತ್ತ ಜನ ಮುತ್ತಿದರು. ಮಾವ ಪಕ್ಕದಲ್ಲೇ ನಿಂತಿದ್ದರು. ಒಬ್ಬಳು ಹುಡುಗಿ ತನ್ನ ಮೊಬೈಲನ್ನು ಮಾವನ ಕೈಗೆ ಕೊಟ್ಟು, "ಅಣ್ಣ, ಒಂದು ಫೋಟೋ ತೆಗೀರಿ, ಇಬ್ಬರೂ ಬರ್ಬೇಕು" ಎಂದಳು. ಮಾವ ತೆಗೆದರು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಒಂದು ಕುಟುಂಬ. ಎಲ್ಲರ ಮೊಬೈಲೂ ಮಾವನ ಕೈಗೆ. ಫೋಟೋ ತೆಗೆಯುವುದು ನನ್ನ ಕಸುಬು, ಆದ್ದರಿಂದ ಹೇಳುತ್ತೇನೆ: ಚೆನ್ನಾಗಿಯೇ ತೆಗೆದರು. ಬಿಸಿಲು ಯಾವ ಕಡೆಗಿದೆ ಎಂದು ನೋಡಿ, ಒಂದು ಹೆಜ್ಜೆ ಹಿಂದೆ ಹೋಗಿ, ಯಾರ ತಲೆಯೂ ಕತ್ತರಿಸಿಹೋಗದ ಹಾಗೆ.

ಮರಳುವಾಗ ಟೆಂಪೋದಲ್ಲಿ ಮಾವನಷ್ಟು ಖುಷಿಯಲ್ಲಿ ಯಾರೂ ಇರಲಿಲ್ಲ. "ಸ್ವಂತ ತಂಗಿಗೇ ಗೊತ್ತಾಗ್ಲಿಲ್ಲ ಅಂದ್ರೆ ಇನ್ನೆಂತ ಬೇಕು? ನಾನು ಗೆದ್ದೆ."

ಅಮ್ಮ ಮುಖ ಊದಿಸಿಕೊಂಡಿದ್ದಳು. "ಗೆದ್ದದ್ದು ಡ್ರೈವರ್. ಅವನಿಗೆ ಸೀಟಿ ಸಿಕ್ಕಿತು."

ಎಲ್ಲರೂ ನಕ್ಕರು. ನನಗೆ ಮಾತ್ರ ಎದೆಯೊಳಗೆ ಏನೋ ಹೊಕ್ಕು ಕೂತಿತು. ಬಸ್ಸಿನಲ್ಲಿ, ತರಗತಿಯಲ್ಲಿ, ಸ್ಟುಡಿಯೋದಲ್ಲಿ ಯಾರದೋ ಗದ್ದ ಎತ್ತಿ ನೇರ ಮಾಡುವಾಗ, ಅದೇ ಚಿತ್ರ: ಮಾವ ಒಂದು ಹೆಜ್ಜೆ ಹಿಂದೆ ಹೋಗಿ ಮೊಬೈಲು ಹಿಡಿದದ್ದು. ಬೈರಾಸಿನ ನಟನಿಗಿಂತ ಮಾವ ದೊಡ್ಡ ಕಲಾವಿದ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ಮಾವ ಬೇಕಾದರೆ ಅವರನ್ನೇ ಅವರಿಗಿಂತ ಚೆನ್ನಾಗಿ ಮಾಡಿ ತೋರಿಸುತ್ತಿದ್ದರು. ಮತ್ತೆ ಯಾಕೆ ಹೀಗೆ? ಕೊನೆಯ ವರ್ಷ ಒಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ಅದು ಬಿದ್ದರೆ ಪದವಿ ಇಲ್ಲ. ಬೇರೆಯವರು ಜಾಹೀರಾತು, ಪತ್ರಿಕೆ ಎಂದು ಸುಲಭದ್ದನ್ನು ಆರಿಸಿದರು. ನಾನು ಇದನ್ನೇ ತೆಗೆದುಕೊಂಡೆ: ಪ್ರತಿಭೆ ಇರುವ ನಟನಿಗೂ ತೆರೆಯ ಮೇಲೆ ಒಂದು ಗುರುತು ಯಾಕೆ ಬೇಕು.

ನಮ್ಮ ಮಾರ್ಗದರ್ಶಕರು ಒಂದೇ ಮಾತು ಹೇಳಿದರು. "ಮಾವ ಅಂತ ಬರೆಯಬೇಡಿ. ನಟ ಅಂತ ಬರೆಯಿರಿ."

ಮಾವನ ಬೇರೆ ಬೇರೆ ಪಾತ್ರಗಳ ಚಿತ್ರಗಳನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿಕೊಂಡು ತಿರುಗಿದೆ. ಕಾಪುವಿನ ಕಡಲ ಬದಿ, ಅಂಬಲಪಾಡಿಯ ಅಂಗಡಿಗಳು, ನಿಟ್ಟೆಯ ಹಾಸ್ಟೆಲಿನ ಮಕ್ಕಳು ಚಾ ಕುಡಿಯುವ ಜಾಗ. ಎಲ್ಲರಿಗೂ ಒಂದೇ ಪ್ರಶ್ನೆ: ಇವರು ಯಾರು? ಸಿನಿಮಾ ನೋಡಿದವರಿದ್ದರು, ಪಾತ್ರ ನೆನಪಿದ್ದವರಿದ್ದರು. ಇವರೆಲ್ಲ ಒಬ್ಬರೇ ಎಂದವರು ಒಬ್ಬರೂ ಇಲ್ಲ. ಹೂಡೆಯಲ್ಲಿ ಹೊಳೆಬದಿ ಬಲೆ ಸರಿಮಾಡುತ್ತಿದ್ದ ಒಬ್ಬ ಹೆಂಗಸು ವಾಚ್‌ಮನ್ನಿನ ಚಿತ್ರ ನೋಡಿ ಹೇಳಿದಳು: "ಇವ ಆಕ್ಟರ್ ಅಲ್ಲ ಮಾರಾಯ್ತಿ. ನಿಜವಾದ ವಾಚ್‌ಮನ್ ಅಲ್ವಾ? ಸಿನಿಮಾದವರು ಎಲ್ಲಿಂದಲೋ ಹಿಡ್ಕೊಂಡು ಬಂದದ್ದು."

ಆ ಮಾತನ್ನು ಮಾವನಿಗೆ ಹೇಳಿದಾಗ ಅವರು ಎರಡು ದಿನ ಅದನ್ನೇ ಹೇಳಿಕೊಂಡು ತಿರುಗಿದರು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಅದೇ ನಿಟ್ಟೆಯ ಮಕ್ಕಳಿಗೆ ಬರೇ ಕೆಂಪು ಬೈರಾಸಿನ ಚಿತ್ರ ತೋರಿಸಿದ್ದೆ. ಮುಖವಿಲ್ಲ, ಮೈಯಿಲ್ಲ. ಚಾ ಲೋಟ ಹಿಡಿದುಕೊಂಡೇ ನಗಲು ಶುರುಮಾಡಿದರು.

ಆಮೇಲೆ ಕಾರ್ಕಳದ ಬಳಿ ಚಿತ್ರೀಕರಣದಲ್ಲಿದ್ದ ನಿರ್ದೇಶಕರೊಬ್ಬರನ್ನು ಹೋಗಿ ಕಂಡೆ. ಮಾವನಿಗೆ ವಾಚ್‌ಮನ್ ಪಾತ್ರ ಕೊಟ್ಟವರು ಅವರೇ. "ಅವರಷ್ಟು ಆಕ್ಟಿಂಗ್ ಗೊತ್ತಿದ್ದವರು ನಮ್ಮಲ್ಲಿ ಇಲ್ಲ" ಎಂದರು. "ಆದ್ರೆ ಎಂತ ಗೊತ್ತುಂಟಾ? ನಾನು ಸೀನ್ ಬರೆಯುವಾಗ ಅವರ ಮುಖ ಕಣ್ಣೆದುರು ಬರುದಿಲ್ಲ. ಯಾವ ಮುಖ ಬರ್ಬೇಕು ಹೇಳಿ?"

ಬೈರಾಸಿನ ನಟ ಅಲ್ಲೇ ಮರದಡಿ ಕುರ್ಚಿಯಲ್ಲಿದ್ದರು. ಅವರ ಮೇಲೆ ನನಗೆ ಒಳಗೊಳಗೇ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಮಾತನಾಡಿಸಿದೆ. ಮೂಗಿನ ದನಿ ಅವರದ್ದಲ್ಲವೇ ಅಲ್ಲ; ತಗ್ಗಿದ, ದಣಿದ ದನಿ. "ಒಂದು ಪಿಕ್ಚರಿನಲ್ಲಿ ಇದನ್ನು ಬಿಟ್ಟು ಮಾಡಿದ್ದೆ" ಎಂದು ಹೆಗಲ ಬೈರಾಸು ಮುಟ್ಟಿಕೊಂಡರು. "ಒಳ್ಳೆ ಗಂಭೀರ ಪಾತ್ರ. ಜನ ಹೊರಗೆ ಬಂದು ಕೇಳಿದ್ರು, ಎಂತ ಅಣ್ಣ, ಹುಷಾರಿಲ್ವಾ ಅಂತ."

ಬಸ್ಸಿನಲ್ಲಿ ಬರುವಾಗ ನನ್ನ ಸಿಟ್ಟು ಎಲ್ಲಿ ಹೋಯಿತೋ. ಅಲ್ಲಿಯ ತನಕ ಗುರುತು ಎಂದರೆ ಪ್ರತಿಭೆ ಇಲ್ಲದವರ ಊರುಗೋಲು ಎಂದುಕೊಂಡಿದ್ದೆ. ಹಾಗಲ್ಲ. ಇಡೀ ದಿನ ಯಾರದೋ ಕೈಕೆಳಗೆ ದುಡಿದು ಟಾಕೀಸಿಗೆ ಬರುವವನಿಗೆ ಅಲ್ಲಿ ಒಬ್ಬ ಪರಿಚಯದವನು ಸಿಗಬೇಕು. ಆ ಬೈರಾಸು ಒಂದು ಮಾತು ಕೊಟ್ಟ ಹಾಗೆ: ನೀನು ಬಾ, ನಾನು ಇರುತ್ತೇನೆ. ಕೊಟ್ಟ ಮಾತನ್ನು ಒಂದು ದಿನ ಮುರಿಯಬಹುದು, ಮುರಿದಾಗ ಜನ ಕನಿಷ್ಠ ಹುಷಾರಿಲ್ಲವಾ ಎಂದು ಕೇಳುತ್ತಾರೆ. ಮಾವ ಯಾರಿಗೂ ಮಾತು ಕೊಟ್ಟೇ ಇರಲಿಲ್ಲ. ಅವರು ಎಷ್ಟು ಬದಲಾದರು ಎಂದು ಬೆರಗಾಗಬೇಕಾದರೆ ಮೊದಲು ಅವರು ಯಾರೆಂದು ಗೊತ್ತಿರಬೇಕಲ್ಲ. ಪ್ರತಿ ಸಲವೂ ಹೊಸ ಮನುಷ್ಯನಾಗಿ ಬಂದು, ಪ್ರತಿ ಸಲವೂ ಹೊಸಬನಾಗಿಯೇ ಉಳಿದರು.

ಇದನ್ನೇ ಕೊನೆಯ ಅಧ್ಯಾಯವಾಗಿ ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದರಿಂದ ಮಾವ ಓದುವ ಭಯ ಇರಲಿಲ್ಲ. "ಎಂತ ಬರೆದೆ ನನ್ನ ಬಗ್ಗೆ?" ಎಂದು ಅವರು ಕೇಳಿದಾಗಲೆಲ್ಲ, "ನೀವು ದೊಡ್ಡ ಕಲಾವಿದ ಅಂತ" ಎನ್ನುತ್ತಿದ್ದೆ. ಅರ್ಧ ಸತ್ಯ.

ಮೌಖಿಕ ಪರೀಕ್ಷೆಯ ದಿನ ಬೆಳಗ್ಗೆ ಮಂಗಳೂರಿನಿಂದ ಒಬ್ಬರು ಪರೀಕ್ಷಕರು ಬಂದಿದ್ದರು. ಬೈಯುವ ಹೆಂಗಸಲ್ಲ, ಆದರೆ ಕಣ್ಣು ಹರಿತ. ನನ್ನ ಪ್ರಬಂಧದಲ್ಲಿ ಅಂಟಿಸಿದ್ದ ಚಿತ್ರಗಳನ್ನು ಹಿಂದೆ ಮುಂದೆ ಮಾಡಿ ನೋಡಿದರು.

"ಇವರೆಲ್ಲ ಒಬ್ಬರೇ ಅಂತೀರಿ."

"ಹೌದು ಮೇಡಂ."

"ನನಗೆ ಹಾಗೆ ಕಾಣುವುದಿಲ್ಲ. ಬೇರೆ ಬೇರೆಯವರ ಚಿತ್ರ ಹಾಕಿ, ಯಾರೂ ಗುರುತಿಸಲಿಲ್ಲ ಅಂತ ಬರೆದರೆ ಅದು ಸಂಶೋಧನೆ ಆಗುವುದಿಲ್ಲ."

ಆಗ ಸ್ಟುಡಿಯೋದ ಬುದ್ಧಿ ಕೈಹಿಡಿಯಿತು. ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರಿಗೆ ನಾವು ಮೊದಲು ಹೇಳುವುದು, ಕೂದಲು ಹಿಂದೆ ಮಾಡಿ, ಕಿವಿ ಕಾಣಬೇಕು ಎಂದು. ಮಾವನ ಎಡಗಿವಿಯ ಹಾಲೆ ಚಿಕ್ಕಂದಿನಲ್ಲಿ ಗಾಳ ಸಿಕ್ಕಿ ಸೀಳಿಹೋಗಿತ್ತು. ಮ್ಯಾನೇಜರನ ಕಿವಿ ತೋರಿಸಿದೆ, ದುಬೈಯವನ ಕಿವಿ ತೋರಿಸಿದೆ, ಮಗಳ ಅಪ್ಪನ ಕಿವಿ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಒಪ್ಪಿದರು. ಆಮೇಲೆ ವಾಚ್‌ಮನ್ನಿನ ಮೇಲೆ ಬೆರಳಿಟ್ಟರು.

"ಇವರ ಕಿವಿ?"

ಮಂಕಿ ಕ್ಯಾಪ್. ಕಿವಿ ಒಳಗೆ. ನನ್ನ ಪ್ರಬಂಧ ನಿಂತಿದ್ದದ್ದೇ ಆ ಪಾತ್ರದ ಮೇಲೆ.

"ಮಧ್ಯಾಹ್ನದವರೆಗೆ ಇಲ್ಲೇ ಇರುತ್ತೇನೆ" ಎಂದರು ಅವರು. "ಸಾಧ್ಯವಾದರೆ ಅವರನ್ನು ಕರೆಸಿ."

ಫೋನು ಮಾಡಿದೆ. ಪ್ಲಾಂಟಿನ ಮೋಟರಿನ ಸದ್ದು.

"ಮಾವ, ಈಗಲೇ ಮಣಿಪಾಲಕ್ಕೆ ಬರ್ಬೇಕು."

"ದೋಣಿ ಬಂದಿದೆ ಮಾರಾಯ್ತಿ, ಐಸ್ ಹೋಗ್ಬೇಕು. ಎಂತಕ್ಕೆ?"

"ನೀವು ನೀವೇ ಅಂತ ಹೇಳ್ಲಿಕ್ಕೆ."

"ಆಧಾರ್ ಕಾರ್ಡ್ ಕಳಿಸಿದ್ರೆ ಸಾಲುದಿಲ್ವಾ?"

"ಬರದಿದ್ರೆ ನನ್ನ ಡಿಗ್ರಿ ಇಲ್ಲ. ನೀವು ಹೇಳಿದ ಹಾಗೆಯೇ ಆಗ್ತದೆ."

ಫೋನು ಕಟ್ಟಾಯಿತು. ಬರುತ್ತಾರೋ ಇಲ್ಲವೋ ಗೊತ್ತಾಗಲಿಲ್ಲ. ನಾನು ಬಸ್ ನಿಲ್ದಾಣಕ್ಕೆ ಹೋದೆ, ಮರಳಿ ಕಾಲೇಜಿನ ಗೇಟಿಗೆ ಬಂದೆ, ಮತ್ತೆ ಹೋದೆ. ಉಡುಪಿಯಿಂದ ಬರುವ ಪ್ರತಿ ಬಸ್ಸಿನ ಎರಡೂ ಬಾಗಿಲು ನೋಡಿದೆ. ಕೊನೆಗೆ ಒಂದರಿಂದ ಇಳಿದರು. ಪ್ಯಾಂಟಿನ ತುದಿ ಇನ್ನೂ ಒದ್ದೆ, ಕೈ ಇನ್ನೂ ಕೆಂಪು. ಏನೂ ಕೇಳದೆ ನನ್ನ ಹಿಂದೆ ನಡೆದರು.

ಪರೀಕ್ಷಕರು ವಾಚ್‌ಮನ್ನಿನ ಚಿತ್ರ ತೋರಿಸಿ, "ಇದು ನೀವಾ?" ಎಂದರು.

"ಹೌದು ಅಂದ್ರೆ ನಂಬ್ತೀರಾ?"

"ಇಲ್ಲ."

ಮಾವ ಒಂದು ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡು ಕೂತರು. ಕತ್ತು ಮೆಲ್ಲಗೆ ಹೆಗಲಿನೊಳಗೆ ಇಳಿಯಿತು. ಮಂಕಿ ಕ್ಯಾಪ್ ಇಲ್ಲದೆಯೂ ಚಳಿಗೆ ಮುದುರಿದ ಮುದುಕ ಕಂಡ. ದೂರದಲ್ಲಿ ಕಾರು ಕಂಡಂತೆ ಎದ್ದರು. ಇಲ್ಲದ ಗೇಟಿನ ಭಾರಕ್ಕೆ ಹಿಮ್ಮಡಿ ನೆಲದಿಂದ ಮೇಲೆದ್ದಿತು. ಕಾರು ದಾಟಿಹೋಯಿತು. ಎತ್ತಿದ ಕೈ ಅಲ್ಲೇ ಉಳಿದು, ಆಮೇಲೆ ಇಳಿಯಿತು. ಚಾ ತಂದಿದ್ದ ಅಟೆಂಡರ್ ತಟ್ಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದರೆ ಗೇಟಿಗೆ ತಾಗುತ್ತದೆ ಎಂಬ ಹಾಗೆ.

"ಸಾಕು" ಎಂದರು ಪರೀಕ್ಷಕರು. ಆಮೇಲೆ, "ಇವರು ನಿಮ್ಮ ಬಗ್ಗೆ ಏನು ಬರೆದಿದ್ದಾರೆ ಅಂತ ನಿಮಗೆ ಗೊತ್ತೇ?" ಎಂದು ಕೇಳಿದರು.

"ದೊಡ್ಡ ಕಲಾವಿದ ಅಂತ."

ಅವರು ನನ್ನ ಕಡೆ ತಿರುಗಿದರು. "ಪೂರ್ತಿ ಹೇಳಿ. ನಿಮ್ಮ ಪ್ರಬಂಧವನ್ನು ನೀವು ಸಮರ್ಥಿಸಬೇಕು ತಾನೇ?"

ಮಾವನ ಮುಖ ನೋಡಿಕೊಂಡು ಹೇಳಬೇಕಾಯಿತು. ಅವರಷ್ಟು ಚೆನ್ನಾಗಿ ಬೇರೆಯವರಾಗಬಲ್ಲವರು ಇಲ್ಲ ಎಂದೆ. ಆದರೆ ಜನರಿಗೆ ಹಿಡಿದುಕೊಳ್ಳಲು ಅವರು ಏನನ್ನೂ ಕೊಡಲಿಲ್ಲ. ಒಂದು ನಡಿಗೆಯಿಲ್ಲ, ಒಂದು ದನಿಯಿಲ್ಲ, ಒಂದು ಬೈರಾಸಿಲ್ಲ. ಆದ್ದರಿಂದ ಜನ ಅವರ ಪಾತ್ರಗಳನ್ನು ನೆನಪಿಟ್ಟುಕೊಂಡು ಅವರನ್ನು ಮರೆತರು. ಈ ನಟ ಯಶಸ್ವಿಯಾಗಲಿಲ್ಲ.

ಮಾವ ಅಂಗೈ ಉಜ್ಜಿಕೊಳ್ಳುತ್ತಿದ್ದರು. ಬಹಳ ಹೊತ್ತು ಉಜ್ಜಿಕೊಂಡರು.

"ಸರಿಯೇ ಬರೆದಿದ್ದಾಳೆ ಮೇಡಂ. ಅವಳಿಗೆ ಮಾರ್ಕು ಕೊಡಿ" ಎಂದರು. "ಒಂದು ಮಾತ್ರ. ಆಗ್ಲಿಲ್ಲ ಅಂತ ಉಂಟಲ್ಲ, ಅದನ್ನು ಇನ್ನೂ ಆಗ್ಲಿಲ್ಲ ಅಂತ ಮಾಡ್ಲಿಕ್ಕೆ ಆಗ್ತದಾ?"

ಪರೀಕ್ಷಕರು ಪೆನ್ಸಿಲ್ ತೆಗೆದುಕೊಂಡು ಆ ಪುಟದಲ್ಲಿ ಏನೋ ಗುರುತು ಮಾಡಿದರು.

ಕಾಪುವಿಗೆ ಬರುವ ಬಸ್ಸಿನಲ್ಲಿ ಮಾವ ಕಿಟಕಿಯ ಬದಿ ಕೂತರು. ಉದ್ಯಾವರದ ಸೇತುವೆಯ ಮೇಲೆ ಬಂದಾಗ ಕೇಳಿದರು.

"ನನಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು."

"ನಾನು ಬೈತೇನೆ ಅಂತವಾ?"

"ಅಲ್ಲ. ಹೌದು ಅಂತ ಒಪ್ಪಿಕೊಳ್ತೀರಿ ಅಂತ."

ಅವರು ಹೊಳೆ ನೋಡಿದರು. ಇಳಿಯುವ ಮೊದಲು, ಬಸ್ಸು ನಿಲ್ಲುವ ಹೊತ್ತಿಗೆ, "ಆ ಡ್ರೈವರ್ ಪಾರ್ಟು ಮಾಡಿದವ ಉಂಟಲ್ಲ, ಅವನಿಗೆ ಈಗ ಒಳ್ಳೆ ಚಾನ್ಸು ಬರ್ತಾ ಉಂಟಂತೆ. ನಿಮ್ಮ ಸೀಟಿಯದ್ದೇ ಪುಣ್ಯ" ಎಂದು ಎದ್ದರು. ನಗೆಯೋ ಅಲ್ಲವೋ ಗೊತ್ತಾಗಲಿಲ್ಲ. ಅವರ ಮುಖ ಓದುವುದು ಇಡೀ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

ಪ್ರಬಂಧ ಪಾಸಾಯಿತು. ನಾನೂ.

ಪದವಿ ಕೊಡುವ ದಿನ ಅಮ್ಮ, ಅಪ್ಪ, ಚಿಕ್ಕಮ್ಮ, ಅತ್ತೆ ಎಲ್ಲ ಬಂದರು. ಚಿಕ್ಕಮ್ಮನಿಗೆ ಮೊದಲೇ ಹೇಳಿಟ್ಟಿದ್ದೆ, ಸೀಟಿ ಹೊಡೆಯಬಾರದೆಂದು. ಮಾವ ಬರುವುದಾಗಿ ಹೇಳಿರಲಿಲ್ಲ, ಬರುವುದಿಲ್ಲವೆಂದೂ ಹೇಳಿರಲಿಲ್ಲ. ವೇದಿಕೆಯ ಸಾಲಿನಲ್ಲಿ ನಿಂತಾಗ ಜನರ ಮುಖಗಳನ್ನು ಒಂದೊಂದಾಗಿ ನೋಡಿದೆ. ಕಾಣಲಿಲ್ಲ. ನನ್ನ ಹೆಸರು ಕರೆದರು. ಹೋಗಿ ಪ್ರಮಾಣಪತ್ರ ತೆಗೆದುಕೊಂಡೆ. ಎಲ್ಲೋ ಹಿಂದಿನಿಂದ ಒಂದು ಸೀಟಿ ಬಂತು. ಚಿಕ್ಕಮ್ಮನ ಕೈ ಮಡಿಲಲ್ಲೇ ಇತ್ತು.

ಹೊರಗೆ ಬಂದಾಗ ಮಾವ ಕಂಬದ ಬಳಿ ನಿಂತಿದ್ದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಾಚಿದ ತಲೆ. ಯಾರ ಹಾಗೂ ನಿಂತಿರಲಿಲ್ಲ. ಪ್ರಮಾಣಪತ್ರವನ್ನು ಅವರ ಕೈಗೆ ಕೊಟ್ಟೆ. ಮೊದಲು ಅಂಗೈಗಳನ್ನು ಅಂಗಿಗೆ ಒರೆಸಿಕೊಂಡು, ಆಮೇಲೆ ತೆಗೆದುಕೊಂಡರು.

ಆಗ ಆ ಅಟೆಂಡರ್, ಅಂದು ಚಾ ತಟ್ಟೆ ಹಿಡಿದು ನಿಂತವನು, ನಮ್ಮನ್ನು ದಾಟಿ ಹೋದವನು ತಿರುಗಿ ಬಂದ. ಮಾವನನ್ನೇ ನೋಡಿದ. "ಓ, ನೀವು ಆ ವಾಚ್‌ಮನ್ ಅಲ್ವಾ? ಆಮೇಲೆ ಹೋಗಿ ಪಿಕ್ಚರ್ ನೋಡಿದೆ ಮಾರಾಯ್ರೆ" ಎಂದು ಜೇಬಿನಿಂದ ಮೊಬೈಲು ತೆಗೆದ. "ಒಂದು ಫೋಟೋ."

ನಾನು ಕೈ ಚಾಚಿ ಅವನ ಮೊಬೈಲು ತೆಗೆದುಕೊಂಡು, ಒಂದು ಹೆಜ್ಜೆ ಹಿಂದೆ ಹೋದೆ. ಮಾವ ಪ್ರಮಾಣಪತ್ರವನ್ನು ಎದೆಯ ಮುಂದೆ ನೆಟ್ಟಗೆ ಹಿಡಿದುಕೊಂಡರು.

"ಅದು ನಾನೇ" ಎಂದರು ಅವನಿಗೆ. "ಆದ್ರೆ ಇವತ್ತು ಅದಲ್ಲ. ಇವತ್ತು ನಾನು ಇವಳ ಮಾವ."